ಘಾಟಿಯಲ್ಲಿ ತಯಾರಾಗಿ ಕಡಲತೀರದಲ್ಲಿ ಸ್ಪರ್ಧಿಸುವವರಿಗೆ

ಎಲ್ಲರಿಗೂ ನಮಸ್ಕಾರ.

ಹಾಕಿ ಆಡಿ, ತೋಟದಲ್ಲಿ ಏರಿಳಿದು ಗಟ್ಟಿಯಾದವರಿಗೆ ದಮ್ಮು, ಕಾಲಿನ ಕಸುವು ಎರಡೂ ಇರುತ್ತವೆ. ದೂರದ ಟ್ರಯಥ್ಲಾನ್‌ಗೆ ಅಷ್ಟೇ ಸಾಲದು. ನಾವು ಅಭ್ಯಾಸ ಮಾಡುವುದು ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯ ತಂಪಿನಲ್ಲಿ, ತಿರುವು ರಸ್ತೆಗಳಲ್ಲಿ, ಈಜುಕೊಳದಲ್ಲಿ. ಸ್ಪರ್ಧೆ ನಡೆಯುವುದು ಸಮುದ್ರಮಟ್ಟದ ಸೆಕೆಯಲ್ಲಿ, ಅಲೆಗಳ ನಡುವೆ. ಈ ಅಂತರವನ್ನು ಮನೆಯಲ್ಲಿದ್ದೇ ಹೇಗೆ ತುಂಬಿಕೊಳ್ಳಬಹುದು ಎಂಬುದೇ ಇವತ್ತಿನ ಮಾತು.

ದೂರಗಳು ನಿಮಗೆ ಗೊತ್ತಿರಬಹುದು. ಐರನ್‌ಮ್ಯಾನ್ ಎಂಬ ಪೂರ್ಣ ಸ್ಪರ್ಧೆಯಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಅದರ ಅರ್ಧವೇ 70.3, ಮೂರೂ ಸೇರಿದ ದೂರವನ್ನು ಮೈಲಿಯಲ್ಲಿ ಹೇಳುವ ಹೆಸರು. 1978ರಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ 15 ಮಂದಿ ಮೊದಲ ಬಾರಿ ಹೊರಟು, 12 ಮಂದಿ ಮುಗಿಸಿದರು. ಗೆದ್ದ ಗಾರ್ಡನ್ ಹ್ಯಾಲರ್‌ಗೂ 11 ಗಂಟೆ 46 ನಿಮಿಷ ಹಿಡಿಯಿತು. ನಮಗೆ ಹತ್ತಿರದ್ದು ಗೋವಾದ ಮಿರಾಮಾರ್ ಕಡಲತೀರದಲ್ಲಿ 2019ರಲ್ಲಿ ಶುರುವಾದ 70.3. ಅದು ಬರುವುದು ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ. ಕಾಫಿ ಕೊಯ್ಲು ಜೋರಾಗುವ ಮುನ್ನ ಮುಗಿಯುತ್ತದೆ, ಅದು ಬೆಳೆಗಾರರಿಗೆ ಅನುಕೂಲ. ಆದರೆ ಮುಖ್ಯ ತಯಾರಿಯ 16 ವಾರಗಳು ನಮ್ಮ ಜಡಿಮಳೆಯೊಳಗೇ ಬೀಳುತ್ತವೆ.

ಸೈಕಲ್‌ನಿಂದಲೇ ಶುರು ಮಾಡೋಣ, ಏಕೆಂದರೆ ಲೆಕ್ಕ ತಪ್ಪುವುದು ಅಲ್ಲೇ. ಮಡಿಕೇರಿಯಿಂದ ಸಂಪಾಜೆಗೆ ಇಳಿದು ಹತ್ತಿ ಬಂದರೆ ಮೂರು ಗಂಟೆ ಆಯಿತು ಎಂದು ಡೈರಿಯಲ್ಲಿ ಬರೆಯುತ್ತೇವೆ. ಇಳಿಯುವಾಗ ಹೆಚ್ಚುಕಡಿಮೆ ಒಂದು ಗಂಟೆ ಪೆಡಲ್ ತುಳಿದೇ ಇರುವುದಿಲ್ಲ. ಹತ್ತುವಾಗ ಎದೆಬಡಿತ ಮಿತಿ ಮೀರಿರುತ್ತದೆ. ಅಂದರೆ ಆ ಮೂರು ಗಂಟೆಯಲ್ಲಿ ಒಂದು ಭಾಗ ಪೂರ್ತಿ ವಿಶ್ರಾಂತಿ, ಉಳಿದದ್ದು ಪೂರ್ತಿ ಹೋರಾಟ. ಸಮತಟ್ಟಾದ ರಸ್ತೆಯ 90 ಕಿಲೋಮೀಟರಿಗೆ ಬೇಕಾದದ್ದು ಎರಡೂ ಅಲ್ಲ. ಮೂರು ಗಂಟೆ ನಿಲ್ಲಿಸದೆ, ಮಧ್ಯಮ ಬಲದಲ್ಲಿ, ಒಂದೇ ಭಂಗಿಯಲ್ಲಿ ತುಳಿಯುವುದು ಬೇಕು. ಆದ್ದರಿಂದ ಡೈರಿಯಲ್ಲಿ ಒಟ್ಟು ಸಮಯವನ್ನಲ್ಲ, ಪೆಡಲ್ ತುಳಿದ ಸಮಯವನ್ನು ಬರೆಯಿರಿ.

ವಾರದ ಉದ್ದನೆಯ ಸವಾರಿಗೆ ಕುಶಾಲನಗರಕ್ಕೆ ಇಳಿದು, ಬೈಲುಕುಪ್ಪೆ ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗಿ. ಅಲ್ಲಿ ರಸ್ತೆಯ ಏರಿಳಿತ ಕಡಿಮೆ, ಕಾಲಿಗೆ ಬಿಡುವು ಸಿಗುವುದಿಲ್ಲ. ಒಂದು ಪೂರ್ತಿ ವಾಕ್ಯವನ್ನು ಉಸಿರು ಕಟ್ಟದೆ ಹೇಳುವಷ್ಟು ವೇಗ ಸಾಕು. ಹಾಕಿ ಆಡಿದವರಿಗೆ ಕಷ್ಟವಾಗುವುದು ಇದೇ. 15 ನಿಮಿಷದ ಕ್ವಾರ್ಟರ್‌ನಲ್ಲಿ ಓಡು, ನಿಲ್ಲು, ಮತ್ತೆ ಓಡು ಎಂದು ಪಳಗಿದ ದೇಹಕ್ಕೆ ನಿಧಾನವೆಂದರೆ ಸೋಮಾರಿತನ ಅನ್ನಿಸುತ್ತದೆ. ವಾರದ ಅಭ್ಯಾಸದಲ್ಲಿ ಐದರಲ್ಲಿ ನಾಲ್ಕು ಪಾಲು ಈ ವೇಗದಲ್ಲೇ ಇರಲಿ. ಬಿರುಸಿಗೆ ಒಂದು ಪಾಲು ಧಾರಾಳ. 70.3ಕ್ಕೆ ವಾರಕ್ಕೆ 8ರಿಂದ 10 ಗಂಟೆ, ಪೂರ್ಣಕ್ಕೆ 12ರಿಂದ 15 ಗಂಟೆ ಮೀಸಲಿಡಬೇಕು. ಮೂರು ವಾರ ಏರಿಸಿ, ನಾಲ್ಕನೆಯ ವಾರ ಇಳಿಸಿ.

ಘಾಟಿಯನ್ನು ಬಿಡಬೇಕಿಲ್ಲ. ಮುಂದೆ 50/34, ಹಿಂದೆ 11–32 ಅಥವಾ 11–34 ಹಲ್ಲಿನ ಗೇರ್ ಇದ್ದರೆ ಸೀಟಿನಲ್ಲಿ ಕೂತೇ ಹತ್ತಬಹುದು. ಹಿಂದೆ 11–25 ಇದ್ದರೆ ಎದ್ದು ನಿಂತು ತುಳಿಯಲೇಬೇಕಾಗುತ್ತದೆ, ಮಂಡಿ ನೋಯತೊಡಗುತ್ತದೆ. ಇಳಿಯುವಾಗ ಬ್ರೇಕನ್ನು ತಿರುವಿಗೆ ಮುಂಚೆಯೇ ಹಿಡಿದು, ತಿರುವಿನೊಳಗೆ ಬಿಡಿ. ಉದ್ದಕ್ಕೂ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯುತ್ತದೆ. ಮಳೆಗಾಲದಲ್ಲಿ ಬ್ರೇಕ್ ಪ್ಯಾಡಿಗೆ ಮೆತ್ತಿದ ಕೆಂಪುಮಣ್ಣು ರಿಮ್ಮನ್ನು ಉಪ್ಪುಕಾಗದದಂತೆ ಉಜ್ಜಿ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಪ್ಯಾಡ್ ತೊಳೆಯಿರಿ, ಚೈನ್ ಒರೆಸಿ ಎಣ್ಣೆ ಬಿಡಿ.

ಜುಲೈ, ಆಗಸ್ಟಿನಲ್ಲಿ ರಸ್ತೆಗಿಳಿಯಲಾಗದ ದಿನಗಳೇ ಜಾಸ್ತಿ. ಹಿಂಚಕ್ರ ಸಿಕ್ಕಿಸಿ ನಿಂತಲ್ಲೇ ತುಳಿಯುವ ಟ್ರೇನರ್ ಆಗ ಅಡ್ಡಿಯಲ್ಲ, ವರ. ನಿಮಿಷಕ್ಕೆ 85ರಿಂದ 90 ಸುತ್ತು, 20 ನಿಮಿಷದ ಮೂರು ಸರದಿ, ನಡುವೆ 5 ನಿಮಿಷ ಹಗುರ. ಆ 20 ನಿಮಿಷವೂ ಬಗ್ಗಿದ ಭಂಗಿ ಬಿಡಬಾರದು. ಘಾಟಿಯಲ್ಲಿ ಸದಾ ಬ್ರೇಕಿನ ಮೇಲೆ ಕೈ ಇಟ್ಟವರಿಗೆ ಕತ್ತು, ಸೊಂಟ ಈ ಭಂಗಿಗೆ ಒಗ್ಗಲು ಎಂಟು ಹತ್ತು ವಾರ ಬೇಕು.

ಇದೇ ಟ್ರೇನರ್ ಸೆಕೆಯನ್ನೂ ಕಲಿಸುತ್ತದೆ. ದೇಹ ಬಿಸಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಆಗ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದೇ ವೇಗಕ್ಕೆ ಎದೆಬಡಿತ ತಗ್ಗುತ್ತದೆ. ಸ್ಪರ್ಧೆಗೆ ಎರಡು ವಾರ ಇರುವಾಗ ಕಿಟಕಿ ಮುಚ್ಚಿ, ಫ್ಯಾನ್ ಇಲ್ಲದೆ, 45ರಿಂದ 60 ನಿಮಿಷ ಹಗುರಾಗಿ ತುಳಿಯಿರಿ. ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ತಲೆ ಸುತ್ತಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಒಳ್ಳೆಯ ದಾರಿಯೊಂದಿದೆ. ಭಾನುವಾರ ಸಂಪಾಜೆ ದಾಟಿ ಸುಳ್ಯಕ್ಕೆ ಇಳಿದು, ಹನ್ನೊಂದು ಗಂಟೆಯ ಬಿಸಿಲಲ್ಲಿ ಅಲ್ಲೇ 30 ನಿಮಿಷ ಓಡಿ, ಸೈಕಲ್ಲನ್ನು ಜೀಪಿಗೆ ಹಾಕಿಕೊಂಡು ವಾಪಸ್ ಬನ್ನಿ. ಓಟಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿಕೊಳ್ಳಿ. ಇಳಿದ ಒಂದು ಕಿಲೋಗೆ ಸುಮಾರು ಒಂದು ಲೀಟರ್ ಬೆವರು, ಅದಕ್ಕೆ ನಡುವೆ ಕುಡಿದ ನೀರನ್ನೂ ಕೂಡಿಸಿ. ನಿಮ್ಮ ಬೆವರಿನ ಲೆಕ್ಕ ಸಿಗುವುದು ಹೀಗೆ, ಮಡಿಕೇರಿಯ ಮಂಜಿನಲ್ಲಿ ಸಿಗುವುದಿಲ್ಲ.

ಈಜಿನ ಬಗ್ಗೆ ಮೊದಲ ಮಾತು: ಕಾವೇರಿಯಲ್ಲಾಗಲಿ, ಹಾರಂಗಿಯ ಹಿನ್ನೀರಿನಲ್ಲಾಗಲಿ ಅಭ್ಯಾಸ ಬೇಡ. ಸುಳಿ, ಬಂಡೆ, ಕೆಸರು ಜೀವ ತೆಗೆಯುತ್ತವೆ. 25 ಮೀಟರ್ ಕೊಳದಲ್ಲಿ 76 ಉದ್ದ ಈಜಿದರೆ 1.9 ಕಿ.ಮೀ. ಆಯಿತು. ಆದರೆ ಕೊಳದಲ್ಲಿ ಪ್ರತಿ 25 ಮೀಟರಿಗೆ ಗೋಡೆ ಒದ್ದು ಮುಂದೆ ಹೋಗುತ್ತೇವೆ, ಕಡಲಲ್ಲಿ ಗೋಡೆ ಎಲ್ಲಿದೆ? ವಾರಕ್ಕೊಮ್ಮೆ ಗೋಡೆ ಮುಟ್ಟದೆ, ಎರಡು ಮೀಟರ್ ಮೊದಲೇ ತಿರುಗಿ ಈಜಿ. ಆರೆಂಟು ಕೈಗೊಮ್ಮೆ ಕಣ್ಣಷ್ಟೇ ನೀರಿನಿಂದ ಮೇಲೆತ್ತಿ ಮುಂದೆ ನೋಡಿ. ಇಡೀ ತಲೆ ಎತ್ತಿದರೆ ಸೊಂಟ ಮುಳುಗುತ್ತದೆ. ಕಡಲಲ್ಲಿ ಮೊದಲ 200 ಮೀಟರಿನಲ್ಲಿ ಉಸಿರು ಕಟ್ಟಿ ಗಾಬರಿಯಾದರೆ ಅಂಗಾತ ತೇಲಿ. ರಕ್ಷಣೆಯ ಕಯಾಕ್ ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ಸಹಾಯದಿಂದ ಮುಂದೆ ಸಾಗುವಂತಿಲ್ಲ.

ಓಟಕ್ಕೆ ತೋಟದ ಮಣ್ಣುದಾರಿ ಚೆನ್ನ, ಡಾಂಬರಿಗಿಂತ ಕಾಲಿಗೆ ಹಿತ. ಸಿದ್ದಾಪುರ, ತಿತಿಮತಿ ಕಡೆಯವರು ಬೆಳಕು ಹರಿಯುವ ಮುನ್ನ ಹೊರಡಲೇಬೇಡಿ, ಆನೆ ತೋಟದಲ್ಲೇ ನಿಂತಿರಬಹುದು. ಸೈಕಲ್ ಇಳಿದ ಕೂಡಲೇ 15ರಿಂದ 30 ನಿಮಿಷದ ಓಟ ವಾರಕ್ಕೊಮ್ಮೆ ಇರಲಿ.

ಊಟ. ಸವಾರಿಯಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. 750 ಮಿ.ಲೀ. ಬಾಟಲಿಗೆ 50 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದಿಷ್ಟು ನಿಂಬೆರಸ. ಜೊತೆಗೆ ಅರ್ಧ ಬಾಳೆಹಣ್ಣು. ಅಲ್ಲಿಗೆ ಲೆಕ್ಕ ಸರಿಹೋಯಿತು. ಸಕ್ಕರೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಸಮಪಾಲು ಇರುತ್ತವೆ, ಕರುಳು ಅವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ. ಬರೀ ನೀರನ್ನೇ ಗಟಗಟ ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ. ಹಿಂದಿನ ರಾತ್ರಿಗೆ ಕಡಂಬುಟ್ಟು ಬಹಳ ಒಳ್ಳೆಯದು: ಅಕ್ಕಿ ತರಿ, ಹಬೆಯಲ್ಲಿ ಬೆಂದದ್ದು, ನಾರು ಕಡಿಮೆ. ಪಂದಿ ಕರಿ ಮಾತ್ರ ಸ್ಪರ್ಧೆ ಮುಗಿದ ಮೇಲೆ. ಅದರ ಕೊಬ್ಬು ಬೆಳಗಿನವರೆಗೂ ಹೊಟ್ಟೆಯಲ್ಲೇ ಕೂತಿರುತ್ತದೆ.

ಈಗ ಹೊರಗೆ ನಿಲ್ಲಿಸಿರುವ ಸೈಕಲ್ ಹತ್ತಿರ ಬನ್ನಿ. ಹಿಂಚಕ್ರ ಬಿಚ್ಚಿ ಟ್ಯೂಬ್ ಬದಲಾಯಿಸುವುದನ್ನು ಒಬ್ಬೊಬ್ಬರೇ ಮಾಡಿ ನೋಡೋಣ. ಬಿಚ್ಚುವ ಮೊದಲು ಚೈನನ್ನು ಹಿಂದಿನ ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆ ಬೆರಳಾಡಿಸಿ ಮುಳ್ಳನ್ನೋ ಕಲ್ಲಿನ ಚೂರನ್ನೋ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಐದು ನಿಮಿಷದಲ್ಲಿ ಅದೂ ಪಂಕ್ಚರ್.