ಡೆಮೆರಾರಾದ ಅಪ್ಪ, ಮಗ

ಕೇಳುಗರಿಗೆ ನಮಸ್ಕಾರ.

ಗಯಾನಾ ಅಂದ್ರೆ ಕ್ರಿಕೆಟ್ ಕಾಮೆಂಟರಿ ಕೇಳಿದವರಿಗೆ ಕ್ಲೈವ್ ಲಾಯ್ಡ್, ಚಂದ್ರಪಾಲ್ ನೆನಪಾಗುತ್ತಾರೆ. ಆ ದೇಶದ ಡೆಮೆರಾರಾ ಕರಾವಳಿಯಲ್ಲಿ 1823ರಲ್ಲಿ ನಡೆದ ಒಂದು ದಂಗೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಆಗ ಅದು ಬ್ರಿಟಿಷರ ವಸಾಹತು. ಕಡಲ ಪಕ್ಕದಲ್ಲಿ ಸಾಲುಸಾಲು ಕಬ್ಬಿನ ತೋಟ. ದುಡಿಯುವವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು, ಅವರ ಮಕ್ಕಳು.

ಸಕ್ಸೆಸ್ ಅಂತ ಒಂದು ತೋಟ. ಮಾಲೀಕ ಜಾನ್ ಗ್ಲ್ಯಾಡ್‌ಸ್ಟನ್ ಕೂತಿದ್ದದ್ದು ಬ್ರಿಟನ್ನಿನಲ್ಲಿ. ಮುಂದೆ ನಾಲ್ಕು ಸಲ ಅಲ್ಲಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ ಇವನ ಮಗ. ತೋಟದ ಹೆಡ್ ಬಡಗಿ ಕ್ವಾಮಿನಾ. ಅವನ ಮಗ ಜ್ಯಾಕ್, ಸಕ್ಕರೆ ತುಂಬುವ ಪೀಪಾಯಿ ಮಾಡುವವನು. ಜ್ಯಾಕ್‌ಗೂ ಗ್ಲ್ಯಾಡ್‌ಸ್ಟನ್ ಅನ್ನೋದೇ ಅಡ್ಡಹೆಸರು. ಧಣಿಯ ಹೆಸರನ್ನೇ ಹೊತ್ತು ತಿರುಗಬೇಕು, ನೋಡಿ.

ಕ್ವಾಮಿನಾ ಗಂಭೀರ ಮನುಷ್ಯ. ಪಾದ್ರಿ ಜಾನ್ ಸ್ಮಿತ್ ನಡೆಸುತ್ತಿದ್ದ ಪ್ರಾರ್ಥನಾ ಮಂದಿರದಲ್ಲಿ ಹಿರಿಯ. ಹೆಂಡತಿ ಪೆಗ್ಗಿ ಕಾಯಿಲೆ ಬಿದ್ದಾಗ ಪಕ್ಕದಲ್ಲಿ ಕೂರಲು ಇವನಿಗೆ ರಜೆ ಕೊಡಲಿಲ್ಲ. ಕೆಲಸ ಮುಗಿಸಿ ಮನೆಗೆ ಬಂದರೆ ಅವಳು ಸತ್ತಿದ್ದಳು. ಇಂಥವನು ಮಚ್ಚು ಹಿಡಿದಿದ್ದರೆ ಯಾರೂ ಆಶ್ಚರ್ಯ ಪಡುತ್ತಿರಲಿಲ್ಲ. ಆದರೆ ತಾಳ್ಮೆಯಿಂದಿರಿ ಅಂತ ಉಳಿದವರಿಗೆ ಹೇಳಿದ್ದು ಇವನೇ.

ಆ ವರ್ಷ ಲಂಡನ್ನಿನ ಸರ್ಕಾರ ಒಂದು ಪತ್ರ ಕಳಿಸಿತ್ತು. ಹೆಂಗಸರಿಗೆ ಚಾಟಿ ಏಟು ಬೇಡ, ಹೊಲದಲ್ಲಿ ಚಾಟಿ ಹಿಡಿದು ಕೆಲಸ ಮಾಡಿಸುವುದು ಬೇಡ ಅಂತ. ಬಿಡುಗಡೆಯ ಮಾತು ಅದರಲ್ಲಿರಲಿಲ್ಲ. ಗವರ್ನರ್ ಮರ್ರೆ ಅದನ್ನು ಸಾರಿ ಹೇಳದೆ ಸುಮ್ನೆ ಇಟ್ಟುಕೊಂಡ. ಮುಚ್ಚಿಟ್ಟ ಸುದ್ದಿ ಎಷ್ಟು ದಿನ ನಿಲ್ಲುತ್ತೆ? ಮನೆಗೆಲಸದವರ ಕಿವಿಗೆ ಬಿತ್ತು, ಬಾಯಿಂದ ಬಾಯಿಗೆ ಬೆಳೆಯಿತು. ತೋಟಗಳಿಗೆ ಬರುವಷ್ಟರಲ್ಲಿ, ರಾಜ ನಮಗೆ ಬಿಡುಗಡೆ ಕೊಟ್ಟಿದ್ದಾನೆ, ಇವರು ತಡೆದಿದ್ದಾರೆ ಅಂತಾಗಿತ್ತು.

ಈಗ ಏನು ಮಾಡೋದು? ಇಲ್ಲಿ ಜನ ಒಡೆದರು. ಕೆಲಸ ನಿಲ್ಲಿಸೋಣ, ಮ್ಯಾನೇಜರ್‌ಗಳು ಪೇಟೆಗೆ ಹೋಗಿ ಹೊಸ ಕಾನೂನು ತರಲಿ, ರಕ್ತ ಬೇಡ ಅಂದ ಕ್ವಾಮಿನಾ. ಬಂದೂಕು ನಮ್ಮ ಕೈಗೆ ಬರದೆ ಯಾರೂ ನಮ್ಮ ಮಾತು ಕೇಳಲ್ಲ ಅನ್ನೋದು ಮಗನ ಕಡೆಯವರ ಲೆಕ್ಕ. ಎಲ್ಲ ತೋಟಗಳಲ್ಲೂ ಒಂದೇ ರಾತ್ರಿ ಬಿಳಿಯರನ್ನು ಹಿಡಿದು ಕೂಡಿಹಾಕಬೇಕು, ಆಮೇಲೆ ಮಾತುಕತೆ. ಗಮನಿಸಿ, ಮಗನಿಗೂ ಕೊನೆಗೆ ಬೇಕಿದ್ದದ್ದು ಮಾತುಕತೆಯೇ.

ಆಗಸ್ಟ್ 18, ಸೋಮವಾರ. ಬೆಳಗ್ಗೆಯೇ ಮನೆಗೆಲಸದವನೊಬ್ಬ ಯಜಮಾನನಿಗೆ ಗುಟ್ಟು ಬಿಟ್ಟುಕೊಟ್ಟ. ಗವರ್ನರ್ ಕುದುರೆ ಏರಿ ಬಂದ. ದಾರಿಯಲ್ಲಿ ಅಡ್ಡ ನಿಂತವರನ್ನು ಏನು ಬೇಕು ಅಂತ ಕೇಳಿದ. ನಮ್ಮ ಹಕ್ಕು ಬೇಕು ಅಂದರು. ಮೊದಲು ಆಯುಧ ಕೆಳಗಿಡಿ, ಮನೆಗೆ ಹೋಗಿ ಅಂದ ಅವನು. ಯಾರೂ ಹೋಗಲಿಲ್ಲ.

ಸುಮಾರು ಹತ್ತು ಸಾವಿರ ಜನ ಎದ್ದರು. ಇಷ್ಟು ಜನ ಎದ್ದ ದಂಗೆಯಲ್ಲಿ ಸತ್ತ ಬಿಳಿಯರು ಬೆರಳೆಣಿಕೆಯಷ್ಟು. ಗುಲಾಮರ ಕಾಲಿಗೆ ಹಾಕುತ್ತಿದ್ದ ಮರದ ಕೋಳಕ್ಕೆ ಮ್ಯಾನೇಜರ್‌ಗಳ ಕಾಲು ಸಿಕ್ಕಿಸಿ ಕೂರಿಸಿದರು, ಅಷ್ಟೇ. ಆ ಕೋಳದಲ್ಲಿ ಕೂತು ಗೊತ್ತಿದ್ದವರು, ಸೇಡು ಇಷ್ಟಕ್ಕೇ ಸಾಕು ಅಂದುಕೊಂಡದ್ದು ನನಗಂತೂ ದೊಡ್ಡ ವಿಷಯ ಅನ್ನಿಸುತ್ತದೆ.

ಆಗಸ್ಟ್ 20ರಂದು ಬ್ಯಾಚಲರ್ಸ್ ಅಡ್ವೆಂಚರ್ ಅನ್ನೋ ತೋಟದಲ್ಲಿ ಕರ್ನಲ್ ಲೀಹಿಯ ಸಿಪಾಯಿಗಳು ಎದುರಾದರು. ಇತ್ತ ಕಡೆ ಸಾವಿರಾರು ಜನ, ಕೈಯಲ್ಲಿ ಮಚ್ಚು, ಕೋಲು, ಕೆಲವರಲ್ಲಿ ಕಿತ್ತುಕೊಂಡ ಬಂದೂಕು. ಜ್ಯಾಕ್ ಮುಂದೆ ಬಂದು ಕರ್ನಲ್ ಕೈಗೆ ಒಂದು ಕಾಗದ ಕೊಟ್ಟ. ಸೆರೆಯಾದ ಬಿಳಿಯರೇ ಸಹಿ ಹಾಕಿದ್ದ ಕಾಗದ. ನಮ್ಮನ್ನು ಚೆನ್ನಾಗಿ ನಡೆಸಿಕೊಂಡಿದ್ದಾರೆ ಅಂತ ಅದರಲ್ಲಿತ್ತು. ನಾವು ಕೊಲೆಗಾರರಲ್ಲ ಅನ್ನೋದಕ್ಕೆ ಪುರಾವೆ ಸಮೇತ ಬಂದಿದ್ದ. ಯುದ್ಧಕ್ಕೆ ಹೊರಟವನು ಇಂಥ ಕಾಗದ ಜೋಪಾನ ಮಾಡುತ್ತಾನಾ? ಲೀಹಿ ಸ್ವಲ್ಪ ಗಡುವು ಕೊಟ್ಟ. ಆಮೇಲೆ ಗುಂಡು ಹಾರಿಸಿದ. ನೂರಕ್ಕೂ ಹೆಚ್ಚು ಜನ ಅಲ್ಲೇ ಬಿದ್ದರು.

ಆಯುಧ ಬೇಡ ಅಂದಿದ್ದ ಕ್ವಾಮಿನಾನನ್ನು ಸೆಪ್ಟೆಂಬರ್ 16ರಂದು ಹುಡುಕಿ ಗುಂಡಿಟ್ಟು ಕೊಂದರು. ಹೆಣವನ್ನು ಸಕ್ಸೆಸ್ ತೋಟದ ಮುಂದೆ, ರಸ್ತೆ ಬದಿ, ಸರಪಳಿಯಲ್ಲಿ ನೇತುಹಾಕಿದರು. ದಂಗೆಯ ಮುಂದಾಳು ಜ್ಯಾಕ್‌ ಮಾತ್ರ ಉಳಿದ. ಗಲ್ಲು ತಪ್ಪಿಸಿ ಸೇಂಟ್ ಲೂಸಿಯಾ ದ್ವೀಪಕ್ಕೆ ಸಾಗಿಸಿದರು. ಹಾಗಾಗಿ ಶಾಂತಿಯ ದಾರಿ ಸರಿಯೋ, ಆಯುಧದ ದಾರಿ ಸರಿಯೋ ಅಂತ ಇವರಿಬ್ಬರನ್ನು ತಕ್ಕಡಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಎರಡು ದಾರಿಯೂ ಬಂದು ನಿಂತದ್ದು ಅದೇ ಗವರ್ನರ್ ಎದುರು. ಕೆಲಸ ನಿಲ್ಲಿಸುವುದೂ ಅವನ ಕಣ್ಣಿಗೆ ದಂಗೆಯೇ ಆಗಿತ್ತು.

ದಂಗೆಗೆ ಕುಮ್ಮಕ್ಕು ಕೊಟ್ಟ ಅಂತ ಪಾದ್ರಿ ಸ್ಮಿತ್‌ಗೂ ಮರಣದಂಡನೆ ಆಯಿತು. ರಾಜ ಕೊಟ್ಟ ವಿನಾಯಿತಿ ಬಂದು ಮುಟ್ಟುವ ಮೊದಲೇ, 1824ರ ಫೆಬ್ರವರಿಯಲ್ಲಿ, ಕ್ಷಯದಿಂದ ಜೈಲಿನಲ್ಲೇ ಸತ್ತ. ಇಂಗ್ಲೆಂಡಿನಲ್ಲಿ ಗದ್ದಲ ಎದ್ದದ್ದು ಆಗ. ನೂರಾರು ಕರಿಯರ ಸಾವಿಗಿಂತ ಒಬ್ಬ ಬಿಳಿಯನ ಸಾವು ಜಾಸ್ತಿ ಕೇಳಿಸಿತು, ಅಲ್ವಾ? ಆದರೂ ಆ ಗದ್ದಲದಿಂದ ಗುಲಾಮಗಿರಿ ವಿರೋಧಿಗಳ ಕೈ ಬಲವಾಯಿತು. 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ಬಂತು. ಅದರ ಜೊತೆಗೆ 2 ಕೋಟಿ ಪೌಂಡ್ ಪರಿಹಾರವೂ ಬಂತು, ದುಡಿದವರಿಗಲ್ಲ, ಮಾಲೀಕರಿಗೆ. ಜಾನ್ ಗ್ಲ್ಯಾಡ್‌ಸ್ಟನ್‌ಗೆ ಒಂದು ಲಕ್ಷ ಪೌಂಡಿಗೂ ಹೆಚ್ಚು ಸಿಕ್ಕಿತು.

ಅವನಿಗೆ ಈಗ ಹೊಸ ಆಳು ಬೇಕಾದರು. 1838ರ ಮೇನಲ್ಲಿ ವಿಟ್ಬಿ, ಹೆಸ್ಪರಸ್ ಅನ್ನೋ ಎರಡು ಹಡಗು ಕಲ್ಕತ್ತೆಯಿಂದ ಡೆಮೆರಾರಾ ಮುಟ್ಟಿದವು, ಕರಾರಿನ ಕೂಲಿಗಳನ್ನು ಹೊತ್ತು. ಅವರಲ್ಲಿ ಕೆಲವರು ಗ್ಲ್ಯಾಡ್‌ಸ್ಟನ್ನನ ತೋಟಕ್ಕೇ ಹೋದರು. ಅಲ್ಲೂ ಹೊಡೆತ ಬೀಳುತ್ತಿದೆ ಅನ್ನೋ ದೂರು ಬೇಗನೆ ಲಂಡನ್ ತಲುಪಿತು. ಭಾರತದಿಂದ ಕೂಲಿಗಳ ಸಾಗಣೆಯನ್ನು ಕೆಲವು ವರ್ಷ ನಿಲ್ಲಿಸಬೇಕಾಯಿತು. ಆಮೇಲೆ ಮತ್ತೆ ಶುರು ಮಾಡಿದರು.

ನಮಸ್ಕಾರ.