ಎರಡನೆಯ ಎಕ್ಸ್

ಕೇಳುಗರಿಗೆ ನಮಸ್ಕಾರ.

ಕಾಲಿಗೆರಗಿದ ಸೊಸೆಯನ್ನು ಹಿರಿಯರು 'ದೀರ್ಘಸುಮಂಗಲೀ ಭವ' ಎಂದು ಹರಸುತ್ತಾರೆ. ಗಂಡನಿಗಿಂತ ಮೊದಲು ನೀನು ಹೋಗು ಎಂಬ ಅರ್ಥವೂ ಆ ಹರಕೆಯಲ್ಲಿ ಅಡಗಿದೆ. ಆದರೆ ದೇಹಪ್ರಕೃತಿ ಅದಕ್ಕೆ ಕಿವಿಗೊಟ್ಟಂತೆ ಕಾಣುವುದಿಲ್ಲ. ಇಂದು ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಹೆಂಗಸರ ಸರಾಸರಿ ಆಯುಷ್ಯವೇ ಹೆಚ್ಚು. ಬೀಡಿ, ಹೆಂಡ, ಅಪಾಯದ ದುಡಿಮೆಗಳು ಗಂಡಸರ ಆಯುಷ್ಯವನ್ನು ಕಡಿಯುತ್ತವೆ, ನಿಜ. ಆದರೆ ಸಾಮಾನ್ಯವಾಗಿ ಗಂಡುಶಿಶುಗಳೇ ಹೆಚ್ಚಾಗಿ ಸಾಯುವುದನ್ನು ಬೀಡಿಯ ತಲೆಗೆ ಕಟ್ಟಲಾಗದು.

ನಮ್ಮ ಜೀವಕೋಶದಲ್ಲಿ ಜೀನ್‌ಗಳನ್ನು ಹೊತ್ತ 23 ಜೊತೆ ವರ್ಣತಂತುಗಳಲ್ಲಿ ಒಂದು ಜೊತೆ ಹೆಣ್ಣಿನಲ್ಲಿ ಎರಡು ಎಕ್ಸ್, ಗಂಡಿನಲ್ಲಿ ಒಂದು ಎಕ್ಸ್ ಮತ್ತು ಗಿಡ್ಡನೆಯ ಒಂದು ವೈ. ರೋಗನಿರೋಧಕ್ಕೆ ಬೇಕಾದ ಹಲವು ಜೀನ್‌ಗಳು ಎಕ್ಸ್ ಮೇಲಿವೆ. ಅಲ್ಲೊಂದು ಜೀನ್ ಕೆಟ್ಟರೆ ಗಂಡಿಗೆ ಬದಲಿಯಿಲ್ಲ. ವರ್ಣಾಂಧತೆ ಮತ್ತು ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಗಂಡಸರಲ್ಲೇ ಹೆಚ್ಚಾಗಿ ಕಾಣುವುದು ಇದರಿಂದಲೇ. ಹೆಣ್ಣಿನ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಬಹುಮಟ್ಟಿಗೆ ನಿದ್ರಿಸುತ್ತದೆ ಎಂದು 1961ರಲ್ಲಿ ತಳಿವಿಜ್ಞಾನಿ ಮೇರಿ ಲಯನ್ ಸೂಚಿಸಿದರು. ಕೆಲವು ಕೋಶಗಳಲ್ಲಿ ತಂದೆಯಿಂದ ಬಂದದ್ದು, ಉಳಿದವುಗಳಲ್ಲಿ ತಾಯಿಯಿಂದ ಬಂದದ್ದು ಎಚ್ಚರವಾಗಿರುವುದರಿಂದ ಹೆಣ್ಣಿನ ದೇಹ ನಮ್ಮ ಕೌದಿಯ ಹಾಗೆ: ಒಂದು ತುಂಡು ಸವೆದರೂ ಪಕ್ಕದ್ದು ಹಿಡಿದುಕೊಂಡಿರುತ್ತದೆ.

ಪಕ್ಷಿಗಳಲ್ಲಿ ಇದು ತಿರುವುಮುರುವು. ಅಲ್ಲಿ ಒಂದೇ ಬಗೆಯ ಜೋಡಿ ಇರುವುದು ಗಂಡಿಗೆ, ಮತ್ತು ಬಹಳಷ್ಟು ಹಕ್ಕಿಗಳಲ್ಲಿ ಗಂಡೇ ಹೆಚ್ಚು ಬಾಳುತ್ತದೆ. 2020ರಲ್ಲಿ 229 ಪ್ರಾಣಿಪ್ರಭೇದಗಳ ಲೆಕ್ಕ ತೆಗೆದವರಿಗೆ, ಒಂದೇ ಬಗೆಯ ಜೋಡಿಯುಳ್ಳ ಲಿಂಗದ ಆಯುಷ್ಯ ಸರಾಸರಿ ಶೇಕಡ 17.6ರಷ್ಟು ಹೆಚ್ಚೆಂದು ಕಂಡಿತು.

ಹಾರ್ಮೋನುಗಳ ಪಾಲೂ ಇದೆ. ಮುಟ್ಟು ನಿಲ್ಲುವವರೆಗೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜನ್ ಕೆಟ್ಟ ಕೊಲೆಸ್ಟರಾಲನ್ನು ತಗ್ಗಿಸಿಟ್ಟು ಹೃದಯವನ್ನು ಕಾಯುತ್ತದೆ. ವೃಷಣಗಳಲ್ಲಿ ಹುಟ್ಟುವ ಗಂಡು ಹಾರ್ಮೋನಾದ ಟೆಸ್ಟೊಸ್ಟಿರೋನ್ ವಿಚಾರದಲ್ಲಿ ಸಾಕ್ಷಿ ಹೇಳುವವರು ಕೊರಿಯಾದ ಹಿಂದಿನ ಜೋಸನ್ ರಾಜವಂಶದ ಅರಮನೆಯಲ್ಲಿದ್ದ, ವೃಷಣ ಕಳೆದುಕೊಂಡ ನಪುಂಸಕ ಸೇವಕರು. ಅವರ ವಂಶಾವಳಿಯಿಂದ 81 ಮಂದಿಯ ಆಯುಷ್ಯವನ್ನು ಗುರುತಿಸಿ 2012ರಲ್ಲಿ ಪ್ರಕಟಿಸಿದಾಗ ಸರಾಸರಿ 70 ವರ್ಷ ಬಂದಿತ್ತು; ಅದೇ ಅಂತಸ್ತಿನ ಉಳಿದ ಗಂಡಸರಿಗಿಂತ 14ರಿಂದ 19 ವರ್ಷ ಹೆಚ್ಚು. 81 ಎಂಬುದು ಸಣ್ಣ ಸಂಖ್ಯೆ, ಆದರೂ ಅಂತರ ಸಣ್ಣದಲ್ಲ.

ಹಾಗೆಂದು ಎಲ್ಲವನ್ನೂ ವರ್ಣತಂತುವಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಬವೇರಿಯಾದ ಕ್ರೈಸ್ತ ಮಠಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯ ದಿನಚರಿಯಲ್ಲಿ ಬಾಳಿದ ಸನ್ಯಾಸಿ, ಸನ್ಯಾಸಿನಿಯರನ್ನು ಜನಸಂಖ್ಯಾತಜ್ಞ ಮಾರ್ಕ್ ಲೂಯ್ ಹೋಲಿಸಿದಾಗ ಅಂತರ ಸುಮಾರು ಒಂದು ವರ್ಷಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಂತೂ ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಹೆಂಗಸರ ಸರಾಸರಿ ಆಯುಷ್ಯವೇ ಕಡಿಮೆಯಿತ್ತು. ಎರಡನೆಯ ಎಕ್ಸ್ ಕೊಟ್ಟಿದ್ದನ್ನು ಹೆರಿಗೆಯ ಕೋಣೆಯೂ ಕೊನೆಗೆ ಉಣ್ಣುವ ಪದ್ಧತಿಯೂ ಕಿತ್ತುಕೊಳ್ಳುತ್ತಿದ್ದವು.

ನಮಸ್ಕಾರ.