ಕಾರು ನೋಡೋ ಮುಂಚೆ ಮನೆಯ ಅರ್ಥಿಂಗ್ ನೋಡಿ

ನಮಸ್ಕಾರ ಎಲ್ಲರಿಗೂ. ಎಲೆಕ್ಟ್ರಿಕ್ ಕಾರು ತಗೋಬೇಕು ಅಂತಿರೋರು ನನ್ನ ಹತ್ರ ಮೊದಲು ಕೇಳೋದು, "ಒಂದು ಚಾರ್ಜ್‌ಗೆ ಎಷ್ಟು ಕಿಲೋಮೀಟರ್ ಬರುತ್ತೆ?" ಅಂತ. ನಾನು ತಿರುಗಿ ಕೇಳೋದು, "ನಿಮ್ಮ ಮನೇಲಿ ಅರ್ಥಿಂಗ್ ಹೇಗಿದೆ?" ಅಂತ. ಅರ್ಥಿಂಗ್ ಅಂದ್ರೆ ಸೋರಿದ ಕರೆಂಟನ್ನ ಸುರಕ್ಷಿತವಾಗಿ ನೆಲಕ್ಕೆ ಇಳಿಸೋ ವ್ಯವಸ್ಥೆ. ಇವತ್ತಿನ ವಿಡಿಯೋ ಹೆಚ್ಚುಕಮ್ಮಿ ಇದರ ಬಗ್ಗೇನೇ.

ನಮ್ಮದು ಟಿಯಾಗೊ ಇವಿ, 24 ಕಿಲೋವ್ಯಾಟ್ ಅವರ್, ಅಂದ್ರೆ 24 ಯೂನಿಟ್ ಕರೆಂಟ್ ಹಿಡಿಯೋ ಬ್ಯಾಟರಿ. ನಾವಿರೋದು ಶಿವಮೊಗ್ಗದಲ್ಲಿ. ಅಪ್ಪ ಅಮ್ಮ ಇರೋದು ಸಾಗರ ದಾಟಿ, ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾದ ಮೇಲೆ ಲಾಂಚ್‌ಗೆ ಕಾಯೋದು ತಪ್ಪಿತು. ಈಗ ಆಯನೂರು, ಕುಂಸಿ, ಆನಂದಪುರ, ಸಾಗರ, ಸೇತುವೆ, ಮನೆ. ನೂರು ಕಿಲೋಮೀಟರ್ ದಾಟುತ್ತೆ. ಹೋಗೋದಕ್ಕೆ ಚಾರ್ಜ್ ಸಾಕು, ಹೋಗಿ ಬರೋದಕ್ಕೆ ಸಾಲೋದಿಲ್ಲ. ಅಂದ್ರೆ ಆ ಕಡೆ ನನಗಿರೋ ಚಾರ್ಜಿಂಗ್ ಸ್ಟೇಷನ್ ಅಪ್ಪನ ಮನೆಯ ಗೋಡೆ. ಹಾಗಾಗಿ ಎರಡು ಮನೇಲೂ ಪಾಯಿಂಟ್ ಹಾಕಿಸಿದ್ದೀನಿ. ಪೇಟೆ ಮನೆಗೂ ಹಳ್ಳಿ ಮನೆಗೂ ಕರೆಂಟಿನ ವಿಷಯದಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾಗಿದ್ದು ಆವಾಗಲೇ.

ಮೊದಲು ಶಿವಮೊಗ್ಗದ ಮನೆ. ಪೋರ್ಟಿಕೋದಲ್ಲಿ ಕಾಣ್ತಿದೆಯಲ್ಲ, ಇದು ಮಾಮೂಲಿ 15 ಆಂಪಿಯರ್ ಪವರ್ ಪ್ಲಗ್. ಗೀಸರ್‌ಗೆ ಹಾಕ್ತೀವಲ್ಲ, ಅದೇ. ಕಾರಿನ ಜೊತೆ ಬಂದ ಚಾರ್ಜರ್ ಇದರಿಂದ ಸುಮಾರು 3 ಕಿಲೋವ್ಯಾಟ್ ಎಳೆಯುತ್ತೆ. ತಳ ಮುಟ್ಟಿದ ಬ್ಯಾಟರಿ ತುಂಬೋಕೆ 8–9 ಗಂಟೆ ಬೇಕು. ಕೇಳೋಕೆ ಜಾಸ್ತಿ ಅನ್ಸುತ್ತೆ, ನಿಜ. ಆದ್ರೆ ದಿನಾ ಬ್ಯಾಟರಿ ಖಾಲಿ ಮಾಡ್ಕೊಂಡು ಯಾರು ಮನೆಗೆ ಬರ್ತಾರೆ? ದಿನಕ್ಕೆ 40 ಕಿಲೋಮೀಟರ್ ಓಡಿಸಿದ್ರೆ ಮೀಟರ್‌ನಲ್ಲಿ ಓಡೋದು 6 ಯೂನಿಟ್ ಆಸುಪಾಸು, ಎರಡು ಗಂಟೆ ಕೆಲಸ. ಅದಕ್ಕೇ 7.2 ಕಿಲೋವ್ಯಾಟ್ ಗೋಡೆ ಚಾರ್ಜರ್ ನನಗೆ ಬೇಡ ಅನ್ಸಿತು. ಅದಕ್ಕೆ 32 ಆಂಪಿಯರ್ ಲೈನ್ ಬೇಕು, 3 ಕಿಲೋವ್ಯಾಟ್ ಎಳೆಯೋಕೆ ಮಾತ್ರ ಮಂಜೂರಾತಿ (ಸ್ಯಾಂಕ್ಷನ್) ಇರೋ ಮನೆಯವರು ಆ ಲೋಡ್ ಹೆಚ್ಚಿಸಿಕೊಳ್ಳಬೇಕು. ದಿನಾ ನೂರು ಕಿಲೋಮೀಟರ್ ಮೇಲೆ ಓಡಿಸೋರಿಗೆ ಅದು ಸರಿ. ಬೆಂಗಳೂರಿನ ರೇವಾ ನೆನಪಿರೋರು ಇರಬಹುದು. 2001ರಲ್ಲೇ ರಸ್ತೆಗೆ ಇಳಿದ ಆ ಪುಟ್ಟ ಕಾರೂ ಚಾರ್ಜ್ ಆಗ್ತಾ ಇದ್ದಿದ್ದು ಮನೆಯ ಇಂಥದೇ ಪ್ಲಗ್‌ನಿಂದ.

ಆದ್ರೆ ಪ್ಲಗ್ ಒಂದೇ ಥರ ಇದ್ದರೆ ಸಾಲದು. ಗೀಸರ್ ಇಪ್ಪತ್ತು ನಿಮಿಷ ಓಡಿ ನಿಲ್ಲುತ್ತೆ. ಕಾರು ರಾತ್ರಿಯಿಡೀ ಎಳೀತಾನೇ ಇರುತ್ತೆ. ಹಳೇ ಮನೆಗಳಲ್ಲಿ ಸಾಕೆಟ್‌ಗೆ ತೆಳು ವೈರ್ ಎಳೆದು, ಅದರಲ್ಲೇ ಇನ್ನೊಂದು ಪಾಯಿಂಟ್ ಕವಲು ಹೊಡೆದಿರ್ತಾರೆ. ಗಂಟೆಗಟ್ಟಲೆ ಲೋಡ್ ಬಿದ್ದಾಗ ಬಿಸಿಯಾಗೋದು ಆ ಜಾಯಿಂಟ್‌ಗಳೇ. ಅದಕ್ಕೆ ಮೀಟರ್ ಬೋರ್ಡಿನಿಂದ ನೇರವಾಗಿ, ಮಧ್ಯೆ ಎಲ್ಲೂ ಜಾಯಿಂಟ್ ಇಲ್ಲದೆ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಎಳೆಸಿದ್ದೀನಿ. ಅದಕ್ಕೇ ಅಂತ ಲೋಡ್ ಮಿತಿ ಮೀರಿದ್ರೆ ತಾನೇ ಆಫ್ ಆಗೋ ಒಂದು 20 ಆಂಪಿಯರ್ ಎಂಸಿಬಿ, ಕರೆಂಟ್ ಸೋರಿದ್ರೆ ಆಫ್ ಆಗೋ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಕಿಟಕಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡೋದನ್ನ ದಯವಿಟ್ಟು ಮಾಡಬೇಡಿ. ಮನೇಲಿ ಮಕ್ಕಳು ಮಲಗಿರ್ತಾರೆ.

ಈಗ ಅರ್ಥಿಂಗ್. ಫ್ಯಾನು, ಫ್ರಿಜ್ಜು ಅರ್ಥ್ ಇಲ್ಲದಿದ್ರೂ ಓಡ್ತವೆ, ಹಾಗಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಅರ್ಥ್ ಸತ್ತುಹೋಗಿರೋದು ಯಾರಿಗೂ ಗೊತ್ತೇ ಇರಲ್ಲ. ಕಾರಿನ ಚಾರ್ಜರ್ ಹಾಗಲ್ಲ. ಚಾರ್ಜ್ ಶುರು ಮಾಡೋ ಮುಂಚೆ ಅರ್ಥ್ ಇದೆಯಾ ಅಂತ ತಾನೇ ನೋಡುತ್ತೆ, ಇಲ್ಲಾಂದ್ರೆ ಕೆಂಪು ದೀಪ ಹಾಕಿ ಸುಮ್ಮನಾಗುತ್ತೆ. ಕಾರು ಅಂದ್ರೆ ಕಬ್ಬಿಣದ ಬಾಡಿ, ಕೆಳಗೆ ರಬ್ಬರ್ ಟೈರು. ಒಳಗೆ ಎಲ್ಲಾದ್ರೂ ಕರೆಂಟ್ ಸೋರಿದ್ರೆ ಅದು ನೆಲಕ್ಕೆ ಇಳಿಯೋಕೆ ದಾರಿ ಬೇಕಲ್ವಾ? ಆ ದಾರಿ ಅರ್ಥ್ ವೈರ್ ಆಗಿರಬೇಕು, ಬಾಗಿಲು ತೆಗೆಯೋಕೆ ಕೈ ಹಾಕಿದ ಮನುಷ್ಯ ಆಗಬಾರದು.

ಎಲೆಕ್ಟ್ರಿಷಿಯನ್ ಬಂದಾಗ ನೀವೇ ಪಕ್ಕದಲ್ಲಿ ನಿಂತು ನೋಡಿ. ಮಲ್ಟಿಮೀಟರ್ ಇಟ್ಟಾಗ ಫೇಸ್‌ಗೂ (ಕರೆಂಟ್ ಬರೋ ತಂತಿ) ನ್ಯೂಟ್ರಲ್‌ಗೂ (ವಾಪಸ್ ಹೋಗೋ ತಂತಿ) ಮಧ್ಯೆ 230 ವೋಲ್ಟ್ ಆಸುಪಾಸು ತೋರಿಸಿದ್ರೆ, ಫೇಸ್‌ಗೂ ಅರ್ಥ್‌ಗೂ ಮಧ್ಯೆನೂ ಹತ್ತಿರ ಹತ್ತಿರ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ಮಧ್ಯೆ ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ. ಅಲ್ಲಿ ಇಪ್ಪತ್ತು ಮೂವತ್ತು ತೋರಿಸಿದ್ರೆ ಏನೋ ಕೆಟ್ಟಿದೆ ಅಂತಾನೇ ಅರ್ಥ. ಇದು ಮೊದಲ ಪರೀಕ್ಷೆ ಮಾತ್ರ. ಅರ್ಥ್ ಎಷ್ಟು ಗಟ್ಟಿ ಅಂತ ಹೇಳೋದು ಅರ್ಥ್ ಟೆಸ್ಟರ್, ಅದನ್ನ ಇಟ್ಕೊಂಡಿರೋರನ್ನೇ ಹುಡುಕಿ ಕರೆಸಿ.

ಕೆಲವರು ಇಲ್ಲೊಂದು ಅಡ್ಡದಾರಿ ಹೇಳಿಕೊಡ್ತಾರೆ. ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಹಾಕಿಬಿಟ್ಟರೆ ಚಾರ್ಜರ್‌ಗೆ ಅರ್ಥ್ ಸಿಕ್ಕ ಹಾಗೆ ಕಾಣುತ್ತೆ, ಕೆಂಪು ದೀಪ ಹೋಗುತ್ತೆ. ಇದು ಪ್ರಾಣ ತೆಗೆಯೋ ಕೆಲಸ. ಗಾಳಿಮಳೆಗೆ ಕಂಬದ ಹತ್ರ ನ್ಯೂಟ್ರಲ್ ತಂತಿ ಕಡಿದುಹೋಯ್ತು ಅಂತಿಟ್ಕೊಳ್ಳಿ. ಮನೇಲಿ ಆನ್ ಇರೋ ಬಲ್ಬು, ಟಿವಿ ದಾಟಿ ಬಂದ ಫೇಸ್ ಆ ತುಂಡು ವೈರ್ ಹಿಡಿದು ಸೀದಾ ಕಾರಿನ ಬಾಡಿಗೆ ಬಂದು ನಿಲ್ಲುತ್ತೆ. ನಮ್ಮ ಮಲೆನಾಡಲ್ಲಿ ಮಳೆಗಾಲದಲ್ಲಿ ಮರ ಬಿದ್ದು ತಂತಿ ಕಡಿಯೋದು ಅಪರೂಪವೇನಲ್ಲ. ಯಾರಾದ್ರೂ ಹೀಗೆ ಮಾಡೋಣ ಅಂದ್ರೆ ಅವರನ್ನ ಅಲ್ಲಿಂದಲೇ ವಾಪಸ್ ಕಳಿಸಿ.

ಬಿಲ್ಲಿನ ವಿಷಯ ಬೇಗ ಹೇಳಿಬಿಡ್ತೀನಿ. ಬ್ಯಾಟರಿ ಸೇರೋ ಕರೆಂಟಿಗಿಂತ ಮೀಟರ್‌ನಲ್ಲಿ ಓಡೋದು ಹತ್ತರಲ್ಲಿ ಒಂದು ಪಾಲಿನಷ್ಟು ಜಾಸ್ತಿ, ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುತ್ತೆ. ಅದೆಲ್ಲ ಸೇರಿಸಿ ತಿಂಗಳಿಗೆ 1000 ಕಿಲೋಮೀಟರ್‌ಗೆ 140 ಯೂನಿಟ್ ಹಿಡೀರಿ. ಇಲ್ಲಿ ಗೃಹಜ್ಯೋತಿ ಲೆಕ್ಕ ಬರುತ್ತೆ. ಮನೆ ಬಳಕೆ 100 ಯೂನಿಟ್ ಇದ್ದೋರಿಗೆ ಇಷ್ಟು ದಿನ ಬಿಲ್ ಸೊನ್ನೆ ಬರ್ತಿತ್ತು. ಕಾರು ಸೇರಿದ್ರೆ 240. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲಿ 1440, ಮೇಲೆ ನಿಗದಿತ ಶುಲ್ಕ. ಅಷ್ಟೇ ದೂರಕ್ಕೆ ಲೀಟರ್‌ಗೆ 16 ಕಿಲೋಮೀಟರ್ ಕೊಡೋ ಪೆಟ್ರೋಲ್ ಕಾರಿಗೆ 6 ಸಾವಿರದ ಮೇಲೆ ಬೇಕು, ಹಾಗಾಗಿ ಲಾಭ ಇದ್ದೇ ಇದೆ. ಆದ್ರೂ ಇವಿ ಚಾರ್ಜಿಂಗ್‌ಗೆ ಎಲ್‌ಟಿ-6(ಸಿ) ಅಂತ ಬೇರೆ ದರಪಟ್ಟಿ ಇದೆ, ಯೂನಿಟ್ ದರ ಮನೆಯದಕ್ಕಿಂತ ಕಡಿಮೆ. ಅದಕ್ಕೆ ಬೇರೆ ಮೀಟರ್ ತಗೊಂಡ್ರೆ ಮನೆ ಮೀಟರ್ ಲೆಕ್ಕ ಅದರ ಪಾಡಿಗೆ ಇರುತ್ತೆ. ಜಾಸ್ತಿ ಓಡಿಸೋರು ಡೆಪಾಸಿಟ್, ನಿಗದಿತ ಶುಲ್ಕ ಎಲ್ಲ ಕೂಡಿಸಿ ಒಮ್ಮೆ ಲೆಕ್ಕ ಹಾಕಿ ನೋಡಿ.

ಈಗ ಊರು. ಇದು ಅಪ್ಪನ ಮನೆಯ ಅಂಗಳ. ಇಲ್ಲಿ ಅರ್ಥಿಂಗ್ ಗುಂಡಿ ಮೊದಲು ಇದ್ದಿದ್ದು ಮುಂದಿನ ಗೋಡೆ ಹತ್ರ, ಜಂಬಿಟ್ಟಿಗೆ ನೆಲದಲ್ಲಿ. ಮಳೆಗಾಲದಲ್ಲಿ ಏನೂ ತೊಂದರೆ ಇಲ್ಲ. ಏಪ್ರಿಲ್ ಬಂತು ಅಂದ್ರೆ ಆ ನೆಲ ಒಣಗಿ ಅರ್ಥ್ ಹಿಡಿಯೋದೇ ಇಲ್ಲ. ಒಂದು ಕೊಡ ನೀರು ಹೊಯ್ದರೆ ಆ ರಾತ್ರಿಗೆ ಚಾರ್ಜ್ ಆಗುತ್ತೆ, ಮತ್ತೆ ಅದೇ ಕಥೆ. ಅಪ್ಪನೇ ಹೇಳಿದ್ದು, "ಬಚ್ಚಲ ನೀರು ಹೋಗೋ ಬಾಳೆ ಬುಡದ ಹತ್ರ ತೋಡಿಸು ಮಾರಾಯ, ಅಲ್ಲಿ ವರ್ಷವಿಡೀ ಹಸಿ ಇರುತ್ತೆ." ಅಲ್ಲೇ ಹೊಸ ಗುಂಡಿ ತೋಡಿ, ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿಸಿದ್ವಿ. ಬಿರುಬೇಸಿಗೆಯಲ್ಲೂ ಕೆಂಪು ದೀಪ ಬಂದಿಲ್ಲ. ಅಪ್ಪ ಹೇಳಿದ್ದು ಅಷ್ಟು ಸರಿ ಇತ್ತು.

ಇಲ್ಲಿ ಚಾರ್ಜಿಂಗ್ ಹೊತ್ತೂ ಬೇರೆ. ನಾವಿರೋದು ಲೈನಿನ ಕೊನೆಯಲ್ಲಿ. ಸಂಜೆ ಎಲ್ಲ ಮನೆಯ ದೀಪ, ಟಿವಿ, ಮಿಕ್ಸಿ ಒಟ್ಟಿಗೆ ಓಡುವಾಗ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಚಾರ್ಜರ್ ಎಳೆಯೋ ಆಂಪಿಯರ್ ಅಷ್ಟೇ ಇದ್ದು ವೋಲ್ಟೇಜ್ ಇಳಿದ್ರೆ ಸಿಗೋ ಕಿಲೋವ್ಯಾಟ್ ಕಮ್ಮಿ, ಹೊತ್ತು ಜಾಸ್ತಿ. ಅದಕ್ಕಿಂತ ಮುಖ್ಯ, ನಾನು ಆ ಹೊತ್ತಲ್ಲಿ 13 ಆಂಪಿಯರ್ ಎಳೆದ್ರೆ ಪಕ್ಕದ ಮನೆ ಫ್ರಿಜ್ಜು ಒದ್ದಾಡುತ್ತೆ. ಅದಕ್ಕೆ ರಾತ್ರಿ 11ರ ಮೇಲೇ ಹಾಕೋದು. ಮಧ್ಯೆ ಕರೆಂಟ್ ಹೋದ್ರೆ ಚಿಂತೆ ಇಲ್ಲ, ಬಂದಾಗ ತಾನೇ ಮುಂದುವರಿಯುತ್ತೆ. ಗುಡುಗು ಸಿಡಿಲು ಶುರುವಾದ್ರೆ ಮಾತ್ರ ಎದ್ದು ಪ್ಲಗ್ ಕಿತ್ತಿಡ್ತೀವಿ. ಮನೆ ಯುಪಿಎಸ್‌ಗೆ ಈ ಲೋಡ್ ಕೊಡೋ ಯೋಚನೆಯೇ ಬೇಡ. ನಮ್ಮ ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದ್ದು, ಇಂಥ ನಿಧಾನದ ಪ್ಲಗ್‌ನಲ್ಲಿ ಆಗಾಗ ಶೇಕಡಾ 100ರವರೆಗೆ ತುಂಬಿಸಿದ್ರೆ ಎಷ್ಟು ಚಾರ್ಜ್ ಉಳಿದಿದೆ ಅನ್ನೋ ಲೆಕ್ಕ ಸರಿಯಾಗಿ ತೋರಿಸುತ್ತೆ.

ಇನ್ನೊಂದು ಮಾತು ಹೇಳಲೇಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ ನೀರಿಗೆ ಬಿಟ್ಟು ಎದ್ದವರು ಈ ಸೀಮೆಯವರು. ನಾಡಿಗೆಲ್ಲ ಬೆಳಕು ಹೋಗಿದ್ದು ಇಲ್ಲಿಂದ. ಅವರ ಮೊಮ್ಮಕ್ಕಳು ಒಂದು ಕಾರು ಚಾರ್ಜ್ ಮಾಡೋಕೆ ರಾತ್ರಿ 11ರವರೆಗೆ ಕಾಯೋದು ನ್ಯಾಯ ಅಲ್ಲ ಅಂತ ನನಗೆ ಬಲವಾಗಿ ಅನ್ಸುತ್ತೆ. ಹಳ್ಳಿಗೆ ಇವಿ ಬರಬೇಕು ಅಂದ್ರೆ ಹೆದ್ದಾರಿಯಲ್ಲಿ ಫಾಸ್ಟ್ ಚಾರ್ಜರ್ ಇದ್ದರೆ ಸಾಲದು. ಲೈನಿನ ಕೊನೆಯ ಮನೆಗೆ 230 ವೋಲ್ಟ್ ಮುಟ್ಟಬೇಕು.

ನಮ್ಮ ಕೇರಿಯವರೆಲ್ಲ ಸೇರಿ 25 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲು 63 ಕೆವಿಎಯ ದೊಡ್ಡದು ಹಾಕಿಕೊಡಿ ಅಂತ ಕರೆಂಟ್ ಆಫೀಸಿಗೆ ಅರ್ಜಿ ಕೊಟ್ಟಿದ್ದೀವಿ. ನಿಮ್ಮೂರಲ್ಲೂ ಕೊಡೋದಾದ್ರೆ ಬರೀ "ವೋಲ್ಟೇಜ್ ಕಮ್ಮಿ" ಅಂತ ಬರೀಬೇಡಿ. ಸಂಜೆ 7ಕ್ಕೂ ರಾತ್ರಿ 11ಕ್ಕೂ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಅಳೆದು, ದಿನಾಂಕದ ಜೊತೆ ಪಟ್ಟಿ ಮಾಡಿ, ಆ ಟಿಸಿಗೆ ಸೇರಿದ ಎಲ್ಲ ಮನೆಗಳ ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರೋ ಸಂಪರ್ಕದ ಸಂಖ್ಯೆ) ಸಮೇತ ಲಗತ್ತಿಸಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಆಫೀಸಿನಿಂದ ಹೊರಗೆ ಬನ್ನಿ.